ಅಳತೆ ತಪ್ಪುತ್ತಿದೆಯಾ? ಮೊದಲು ಥರ್ಮಾಮೀಟರ್ ಇಳಿಸಿ ನೋಡಿ

ಸಂಜೆ ಸಾವಿರ ಲೀಟರ್ ಅಂತ ಬರೆದಿಟ್ಟ ಹಾಲು ಬೆಳಗ್ಗೆ ಟ್ಯಾಂಕಿಗೆ ಡಿಪ್ ಸ್ಟಿಕ್ (ಮಟ್ಟ ಅಳೆಯುವ, ಗೆರೆ ಹಾಕಿದ ಕೋಲು) ಇಳಿಸಿದರೆ 992 ತೋರಿಸುತ್ತದೆ. ಕಾಲೇಜು ಲ್ಯಾಬಿನಲ್ಲಿ ಹೊಸ ಒಂದು ಲೀಟರ್ ಫ್ಲಾಸ್ಕಿಗೆ ಗೆರೆ ತನಕ ನೀರು ತುಂಬಿ ತೂಗಿದರೆ 995.6 ಗ್ರಾಂ ಬರುತ್ತದೆ. ಬಂಕಿನಲ್ಲಿ ಐದು ಲೀಟರ್ ಕ್ಯಾನಿಗೆ ಹಿಡಿದರೆ ಬೆಳಗ್ಗೆ ಒಂದು ಗೆರೆ, ಮಧ್ಯಾಹ್ನ ಇನ್ನೊಂದು ಗೆರೆ. ಇಂಥ ಕಡೆ ಕೇಳಿಬರುವುದು ಎರಡೇ ಮಾತು: ಮಿಷನ್ ಕೆಟ್ಟಿದೆ, ಇಲ್ಲ ಯಾರೋ ಕೈ ಹಾಕಿದ್ದಾರೆ. ಮಂಡ್ಯ, ಮದ್ದೂರು, ಮೈಸೂರು ಕಡೆ ಅಳತೆ ಪಾತ್ರೆ, ಮೀಟರುಗಳ ಕೆಲಸ ಮಾಡುವ ನನಗೆ ಈ ಎರಡೂ ಮಾತು ಚೆನ್ನಾಗಿ ಪರಿಚಯ. ಎಷ್ಟೋ ಸಲ ಕಾರಣ ಇರುವುದು ಬಿಸಿಯಲ್ಲಿ. ದ್ರವ ಬಿಸಿಯಾದರೆ ಹಿಗ್ಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ. ಇದು ಎಲ್ಲರಿಗೂ ಗೊತ್ತು, ಅಲ್ವಾ? ಎಷ್ಟು ಹಿಗ್ಗುತ್ತದೆ ಅಂತ ಲೆಕ್ಕ ಹಾಕುವವರು ಮಾತ್ರ ಕಡಿಮೆ.

ಆ ಲೆಕ್ಕವೇ ಇಲ್ಲಿ ಮುಖ್ಯ. ಬಿಸಿಯಿಂದ ಬರುವ ವ್ಯತ್ಯಾಸಕ್ಕೆ ಒಂದು ಗಾತ್ರ ಇದೆ. ಕಂಡ ತಪ್ಪು ಆ ಗಾತ್ರಕ್ಕೆ ಹೊಂದಿದರೆ ಯಾರನ್ನೂ ದೂರಬೇಕಿಲ್ಲ, ತಿದ್ದಿಕೊಂಡರೆ ಆಯಿತು. ತಪ್ಪು ಅದಕ್ಕಿಂತ ತುಂಬಾ ದೊಡ್ಡದಿದ್ದರೆ "ಬಿಸಿಲು ಜಾಸ್ತಿ ಸ್ವಾಮಿ" ಅನ್ನುವ ಸಬೂಬು ಒಪ್ಪಬೇಡಿ, ಬೇರೆ ಕಾರಣ ಹುಡುಕಿ.

ಒಂದು ಲೀಟರಿಗೆ, ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಆಗುವ ವ್ಯತ್ಯಾಸ ಸುಮಾರು ಹೀಗಿದೆ:

ನೀರು (27 ಡಿಗ್ರಿ ಆಸುಪಾಸು): 0.27 ಮಿಲಿಲೀಟರ್
ಹಾಲು: 0.3 ಮಿಲಿಲೀಟರಿನ ಹತ್ತಿರ
ಡೀಸೆಲ್: 0.8 ಮಿಲಿಲೀಟರಿಗಿಂತ ಸ್ವಲ್ಪ ಜಾಸ್ತಿ
ಪೆಟ್ರೋಲ್: 1.2 ಮಿಲಿಲೀಟರ್
ಬೊರೋಸಿಲಿಕೇಟ್ ಗಾಜಿನ (ಬಿಸಿ ತಡೆಯುವ ಲ್ಯಾಬ್ ಗಾಜು) ಪಾತ್ರೆ: 0.01 ಮಿಲಿಲೀಟರ್
ಸಾದಾ ಗಾಜು: 0.027 ಮಿಲಿಲೀಟರ್
ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆ: 0.05 ಮಿಲಿಲೀಟರ್
ಹಿತ್ತಾಳೆ ಪಾತ್ರೆ: 0.057 ಮಿಲಿಲೀಟರ್

ಈ ಪಟ್ಟಿ ನೋಡಿದ ಕೂಡಲೇ ಒಂದು ಸಂಗತಿ ಗೊತ್ತಾಗುತ್ತದೆ. ಪಾತ್ರೆ ಹಿಗ್ಗುವುದು ತೀರಾ ಕಡಿಮೆ, ಒಳಗಿನ ದ್ರವ ಹಿಗ್ಗುವುದು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಗೋಡೆಗೆ ನೇತುಹಾಕಿದ ಥರ್ಮಾಮೀಟರ್ ನೋಡಿ ತಿದ್ದುಪಡಿ ಮಾಡುವವರು ಇಲ್ಲೇ ಎಡವುತ್ತಾರೆ. ಕೋಣೆಯ ಬಿಸಿ ಬೇರೆ, ಕ್ಯಾನಿನಲ್ಲಿರುವ ನೀರಿನ ಬಿಸಿ ಬೇರೆ. ಥರ್ಮಾಮೀಟರ್ ದ್ರವದೊಳಗೆ ಇಳಿಯಬೇಕು.

ಥರ್ಮಾಮೀಟರೇ ಸರಿಯಿದೆಯಾ?

ಇದು ಪುಕ್ಕಟೆ ಪರೀಕ್ಷೆ, ಹಾಗಾಗಿ ಮೊದಲು ಇದನ್ನೇ ಮಾಡಿ. ಶುದ್ಧ ನೀರಿನಿಂದ ಮಾಡಿದ ಐಸನ್ನು ಚೆನ್ನಾಗಿ ಪುಡಿ ಮಾಡಿ. ಸಂದುಗಳು ತುಂಬುವಷ್ಟೇ ತಣ್ಣೀರು ಹಾಕಿ, ಕಲಕಿ, ಥರ್ಮಾಮೀಟರ್ ಇಳಿಸಿ ಐದು ನಿಮಿಷ ಬಿಡಿ. ಸೊನ್ನೆ ತೋರಿಸಬೇಕು. ಅರ್ಧ ಡಿಗ್ರಿ ಆಚೀಚೆ ಇದ್ದರೆ ಬರೆದಿಟ್ಟುಕೊಂಡು ಅಷ್ಟು ಕಳೆಯಿರಿ ಅಥವಾ ಕೂಡಿ. ಎರಡು ಡಿಗ್ರಿ ತಪ್ಪಿದ್ದರೆ ಬೇರೆಯದು ತನ್ನಿ.

ಕುದಿಯುವ ನೀರಿನಲ್ಲಿ ಪರೀಕ್ಷೆ ಮಾಡುವವರಿಗೆ ಒಂದು ಮಾತು. ಮೈಸೂರು ಸಮುದ್ರ ಮಟ್ಟಕ್ಕಿಂತ 750 ಮೀಟರಿಗೂ ಮೇಲಿದೆ. ಇಲ್ಲಿ ನೀರು 97ರಿಂದ 98 ಡಿಗ್ರಿಯ ನಡುವೆಯೇ ಕುದಿಯುತ್ತದೆ. ಥರ್ಮಾಮೀಟರ್ 97.5 ತೋರಿಸಿದರೆ ಅದು ಸರಿಯಾಗಿಯೇ ಇದೆ. 100 ಬರಲಿಲ್ಲ ಅಂತ ಎರಡೂವರೆ ಡಿಗ್ರಿ ಕೂಡಿಸಿಬಿಟ್ಟರೆ ಮುಂದಿನ ಲೆಕ್ಕವೆಲ್ಲ ಹಾಳು.

ಪಾದರಸದ ಥರ್ಮಾಮೀಟರನ್ನು ಹಾಲು, ಆಹಾರದ ಪಾತ್ರೆಗಳ ಹತ್ತಿರಕ್ಕೂ ತರಬೇಡಿ. ಒಡೆದರೆ ಪೊರಕೆ ಹಾಕಿ ಗುಡಿಸಬೇಡಿ, ವ್ಯಾಕ್ಯೂಮ್ ಕ್ಲೀನರ್ ಬಳಸಬೇಡಿ. ಕಿಟಕಿ ತೆರೆದು, ಎಲ್ಲರನ್ನೂ ಹೊರಗೆ ಕಳಿಸಿ, ಕೈಗವಸು ಹಾಕಿ ಗಟ್ಟಿ ಕಾಗದದಲ್ಲಿ ಹನಿಗಳನ್ನು ಒಟ್ಟುಮಾಡಿ, ಮುಚ್ಚಳದ ಬಾಟಲಿಗೆ ಹಾಕಿಡಿ.

ಲಕ್ಷಣ: ಯಾವಾಗ ತೂಗಿದರೂ ಲೀಟರಿಗೆ ನಾಲ್ಕೈದು ಗ್ರಾಂ ಕಡಿಮೆ

ಒಂದು ಲೀಟರ್ ನೀರು ಅಂದರೆ ಒಂದು ಕೆ.ಜಿ. ಶಾಲೆಯಲ್ಲಿ ಕಲಿತ ಈ ಮಾತು ದಿನದ ಬಳಕೆಗೆ ಸಾಕು, ಕ್ಯಾಲಿಬ್ರೇಶನ್‌ಗೆ, ಅಂದರೆ ಅಳತೆ ಸರಿಯಿದೆಯಾ ಅಂತ ಪರೀಕ್ಷಿಸುವುದಕ್ಕೆ, ಸಾಲದು. ನೀರಿಗೆ ಅಷ್ಟು ಸಾಂದ್ರತೆ ಇರುವುದು 4 ಡಿಗ್ರಿಯಲ್ಲಿ. ನಮ್ಮ ಊರಿನ ಬಿಸಿಯಲ್ಲಿ ನೀರು ಅದಕ್ಕಿಂತ ಹಗುರ. ಜೊತೆಗೆ ಗಾಳಿಯೂ ಸ್ವಲ್ಪ ಎತ್ತಿ ಹಿಡಿಯುತ್ತದೆ. ತಕ್ಕಡಿಯನ್ನು ಸರಿಮಾಡಿದ ಉಕ್ಕಿನ ತೂಕದ ಬಟ್ಟು ಚಿಕ್ಕದು, ಅಷ್ಟೇ ತೂಕದ ನೀರು ದೊಡ್ಡದು. ಹಾಗಾಗಿ ನೀರನ್ನು ಗಾಳಿ ಸ್ವಲ್ಪ ಜಾಸ್ತಿ ಎತ್ತುತ್ತದೆ, ತೂಕ ಲೀಟರಿಗೆ ಹೆಚ್ಚುಕಡಿಮೆ ಒಂದು ಗ್ರಾಂ ಕಮ್ಮಿ ತೋರಿಸುತ್ತದೆ.

ಎರಡನ್ನೂ ಸೇರಿಸಿ, ಮೈಸೂರಿನ ಗಾಳಿಯ ಒತ್ತಡ ಸುಮಾರು 925 ಹೆಕ್ಟೊಪಾಸ್ಕಲ್ ಅಂತ ಹಿಡಿದರೆ, ಸರಿಯಾದ ಒಂದು ಲೀಟರ್ ಶುದ್ಧ ನೀರು ತಕ್ಕಡಿಯಲ್ಲಿ ಇಷ್ಟು ತೂಗಬೇಕು:

22 ಡಿಗ್ರಿ: 996.8 ಗ್ರಾಂ
24 ಡಿಗ್ರಿ: 996.4 ಗ್ರಾಂ
27 ಡಿಗ್ರಿ: 995.6 ಗ್ರಾಂ
30 ಡಿಗ್ರಿ: 994.7 ಗ್ರಾಂ
33 ಡಿಗ್ರಿ: 993.8 ಗ್ರಾಂ

ಮೊದಲು ಹೇಳಿದ ಫ್ಲಾಸ್ಕು 995.6 ಗ್ರಾಂ ಹಿಡಿಯಿತು. ನೀರು 27 ಡಿಗ್ರಿ ಇದ್ದರೆ ಅದರಲ್ಲಿ ಏನೂ ಕೊರತೆ ಇಲ್ಲ. ಅಂಗಡಿಗೆ ವಾಪಸು ಕಳಿಸುವ ಅಗತ್ಯವೂ ಇಲ್ಲ. ಮಂಡ್ಯದವರೂ ಇದೇ ಪಟ್ಟಿ ಬಳಸಬಹುದು, ಎತ್ತರದ ವ್ಯತ್ಯಾಸ ಅಷ್ಟೇನೂ ಇಲ್ಲ. ಸಮುದ್ರ ಮಟ್ಟಕ್ಕೆ ಮಾಡಿದ ಪುಸ್ತಕದ ಪಟ್ಟಿ ಹಿಡಿದರೆ ಇಲ್ಲಿ ಲೀಟರಿಗೆ 0.1 ಗ್ರಾಂ ಹತ್ತಿರ ತಪ್ಪುತ್ತದೆ. ಹಾಲಿನ ಕ್ಯಾನಿಗೆ ಅದು ಲೆಕ್ಕಕ್ಕೇ ಇಲ್ಲ. ಲ್ಯಾಬಿನ ಎ ದರ್ಜೆಯ ಒಂದು ಲೀಟರ್ ಫ್ಲಾಸ್ಕಿನ ಅಳತೆ ತಪ್ಪಿಗೆ ಇರುವ ರಿಯಾಯಿತಿಯೇ 0.4 ಮಿಲಿಲೀಟರ್, ಅಲ್ಲಿ ಮಾತ್ರ ಅದು ಕಾಲು ಪಾಲು.

ಪಟ್ಟಿಗೂ ಹೊಂದಲಿಲ್ಲ ಅಂದರೆ ನೀರನ್ನು ನೋಡಿ. ಮಂಡ್ಯ ಕಡೆಯ ಬೋರ್‌ವೆಲ್ ನೀರಿನಲ್ಲಿ ಉಪ್ಪಿನಂಶ ಜಾಸ್ತಿ. ಲೀಟರಿಗೆ 1000 ಮಿಲಿಗ್ರಾಂ ಕರಗಿದ ಲವಣ ಇದ್ದರೆ ತೂಕ 0.7ರಿಂದ 0.8 ಗ್ರಾಂ ಏರುತ್ತದೆ. ಅಂದರೆ ಹತ್ತಿರ ಹತ್ತಿರ ಮೂರು ಡಿಗ್ರಿ ತಪ್ಪಾಗಿ ಓದಿದಷ್ಟು. ಡಿಸ್ಟಿಲ್ಡ್ ನೀರು ತನ್ನಿ. ದೊಡ್ಡ ಪಾತ್ರೆಗಳಿಗೆ ಆರ್‌ಒ ನೀರೂ ನಡೆಯುತ್ತದೆ.

ಆಮೇಲೆ ಗೆರೆ ನೋಡುವ ರೀತಿ. ನೀರಿನ ಮೇಲ್ಮೈ ತಗ್ಗಾಗಿ ಬಾಗಿರುತ್ತದೆ, ಆ ಬಾಗಿನ ತಳ ಗೆರೆಯ ಮೇಲಂಚಿಗೆ ಮುಟ್ಟಬೇಕು. ಕಣ್ಣು ಅದೇ ಮಟ್ಟದಲ್ಲಿರಬೇಕು. ಗಾಜಿನ ಒಳಗೆ ಜಿಡ್ಡಿದ್ದರೆ ನೀರು ಗೋಡೆಯಲ್ಲಿ ಹನಿಹನಿಯಾಗಿ ನಿಲ್ಲುತ್ತದೆ, ಬಾಗೂ ವಕ್ರವಾಗುತ್ತದೆ. ಸೋಪಿನ ನೀರಿನಲ್ಲಿ ತೊಳೆದರೆ ಸಾಕು. ಹಳೆ ಕಾಲದ ಕ್ರೋಮಿಕ್ ಆಸಿಡ್ ಇಂದಿಗೂ ಕೆಲವು ಲ್ಯಾಬುಗಳಲ್ಲಿ ಇಟ್ಟಿರುತ್ತಾರೆ. ಅದು ಚರ್ಮ ಸುಡುತ್ತದೆ, ಕ್ಯಾನ್ಸರ್ ತರುತ್ತದೆ, ದಯವಿಟ್ಟು ಮುಟ್ಟಬೇಡಿ.

ಇಷ್ಟೆಲ್ಲ ಆದ ಮೇಲೂ ತಪ್ಪಿದರೆ ತಕ್ಕಡಿಯ ಮೇಲೆ ಸ್ಟ್ಯಾಂಡರ್ಡ್ ತೂಕ ಇಟ್ಟು ನೋಡಿ. ಗಾಜನ್ನು ದೂರುವುದು ಕೊನೆಗೆ.

ಲಕ್ಷಣ: ತಕ್ಕಡಿಯ ಅಂಕಿ ನಿಲ್ಲುತ್ತಲೇ ಇಲ್ಲ

ಅಂಕಿ ಒಂದೇ ಕಡೆ ಜಾರುತ್ತಿದ್ದರೆ ಪಾತ್ರೆ ಮತ್ತು ಕೋಣೆ ಒಂದೇ ಬಿಸಿಯಲ್ಲಿಲ್ಲ ಅಂತ ಅರ್ಥ. ತಣ್ಣಗಿರುವ ಪಾತ್ರೆಯ ಮೈ ಬೆವರುತ್ತದೆ, ತೂಕ ನಿಧಾನವಾಗಿ ಏರುತ್ತದೆ. ಬೆಚ್ಚಗಿರುವ ಪಾತ್ರೆಯ ಸುತ್ತ ಗಾಳಿ ಮೇಲಕ್ಕೆ ಹರಿದು ಅದನ್ನು ಹಗುರ ತೋರಿಸುತ್ತದೆ, ತೆರೆದ ಬಾಯಿಯಿಂದ ನೀರೂ ಆವಿಯಾಗಿ ಹೋಗುತ್ತಿರುತ್ತದೆ. ಅಂಕಿ ಹಿಂದೆ ಮುಂದೆ ಕುಣಿಯುತ್ತಿದ್ದರೆ ಕಾರಣ ಸೀಲಿಂಗ್ ಫ್ಯಾನು. ಅದನ್ನು ಆರಿಸಿ.

ಔಷಧಿ ಒಂದೇ, ಕಾಯುವುದು. ನೀರು, ಪಾತ್ರೆ, ತಕ್ಕಡಿ ಮೂರೂ ಒಂದೇ ಕೋಣೆಯಲ್ಲಿ ಹಿಂದಿನ ರಾತ್ರಿಯಿಂದಲೇ ಇರಲಿ. ತಕ್ಕಡಿಯನ್ನು ಅರ್ಧ ಗಂಟೆ ಮುಂಚೆಯಾದರೂ ಆನ್ ಮಾಡಿ. ಎಸಿ ಇರುವ ಲ್ಯಾಬಿನಲ್ಲಿ ಎಸಿ ಗಾಳಿ ನೇರ ತಕ್ಕಡಿಗೆ ಬೀಸದ ಹಾಗೆ ನೋಡಿಕೊಳ್ಳಿ. ಫ್ರಿಜ್ಜಿನಿಂದ ತೆಗೆದ ನೀರು ಬೇಡವೇ ಬೇಡ. ಅದು ಬೆಚ್ಚಗಾಗುತ್ತಾ ಹೋದ ಹಾಗೆ ಕರಗಿದ್ದ ಗಾಳಿ ಬಿಟ್ಟುಬಂದು ಗೋಡೆಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳಾಗಿ ಅಂಟುತ್ತದೆ. ಒಂದೊಂದು ಗುಳ್ಳೆಯೂ ಅಷ್ಟು ನೀರಿನ ಜಾಗ ತಿನ್ನುತ್ತದೆ. ಪಾತ್ರೆಯನ್ನು ಮೆಲ್ಲಗೆ ತಟ್ಟಿ ಅವನ್ನು ಬಿಡಿಸಿದ ಮೇಲೆ ಗೆರೆ ನೋಡಿ.

ಲಕ್ಷಣ: ಸಂಜೆ ಹಾಕಿದ ಹಾಲು ಬೆಳಗ್ಗೆ ಕಡಿಮೆ

ಈ ಭಾಗವನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಇಲ್ಲಿ ತಪ್ಪು ಲೆಕ್ಕದ ಹೊರೆ ಬೀಳುವುದು ಹಾಲಿನ ಸಂಘದ ಕಾರ್ಯದರ್ಶಿಯ ಮೇಲೆ, ಇಲ್ಲ ಟೆಸ್ಟರ್ ಹುಡುಗನ ಮೇಲೆ. ಊರಿನ ಅರಳಿಕಟ್ಟೆಯಲ್ಲಿ ಒಮ್ಮೆ ಹೆಸರು ಕೆಟ್ಟರೆ ಮತ್ತೆ ಸರಿಯಾಗುವುದು ಕಷ್ಟ.

ಹಾಲು ಸಂಘಕ್ಕೆ ಬರುವಾಗ 33ರಿಂದ 35 ಡಿಗ್ರಿ ಇರುತ್ತದೆ. ಬಲ್ಕ್ ಕೂಲರ್, ಅಂದರೆ ಹಾಲು ತಣ್ಣಗಿಡುವ ದೊಡ್ಡ ಟ್ಯಾಂಕು, ಅದನ್ನು 4 ಡಿಗ್ರಿಗೆ ಇಳಿಸುತ್ತದೆ. 35 ಡಿಗ್ರಿಯಲ್ಲಿ ಲೀಟರ್ ಹಾಲು ಸುಮಾರು 1.025 ಕೆ.ಜಿ. ತೂಗಿದರೆ, 4 ಡಿಗ್ರಿಯಲ್ಲಿ 1.033 ಕೆ.ಜಿ. ದಾಟುತ್ತದೆ. ಅಂದರೆ ಸಂಜೆಯ 1000 ಲೀಟರ್ ಬೆಳಗ್ಗೆ 992ರ ಆಸುಪಾಸು. ಎಂಟು ಲೀಟರ್ ಎಲ್ಲಿಗೂ ಹೋಗಿಲ್ಲ, ಹಾಲು ಒತ್ತಾಗಿ ಕೂತಿದೆ ಅಷ್ಟೇ. ತೂಕ ಸಂಜೆಯೂ 1025 ಕೆ.ಜಿ., ಬೆಳಗ್ಗೆಯೂ 1025 ಕೆ.ಜಿ.

ಆದ್ದರಿಂದ ಜಗಳ ಬಂದರೆ ಮೊದಲ ಪ್ರಶ್ನೆ: ಲೆಕ್ಕ ಬರೆದಿರುವುದು ಕೆ.ಜಿ.ಯಲ್ಲೋ ಲೀಟರಿನಲ್ಲೋ? ಈಗ ಹೆಚ್ಚಿನ ಕಡೆ ಎಲೆಕ್ಟ್ರಾನಿಕ್ ತಕ್ಕಡಿ ಇದೆ. ಅದು ತೂಗುವುದು ಕೆ.ಜಿ., ತೋರಿಸುವುದು ಲೀಟರ್. ನಡುವೆ ಒಂದು ಗುಣಕ ಇರುತ್ತದೆ. ಗುಣಕ 1.03 ಅಂತ ಇಟ್ಟಿದ್ದರೆ ಅದೇ 1025 ಕೆ.ಜಿ. ಹಾಲು 995 ಲೀಟರ್ ಆಗುತ್ತದೆ. ಒಂದೇ ಹಾಲಿಗೆ ಮಾಪಿನಲ್ಲಿ (ಅಳತೆ ಪಾತ್ರೆಯಲ್ಲಿ) 1000, ತಕ್ಕಡಿಯಲ್ಲಿ 995, ಕೂಲರಿನ ಡಿಪ್ ಸ್ಟಿಕ್‌ನಲ್ಲಿ 992. ಮೂರೂ ಅವುಗಳ ಲೆಕ್ಕಕ್ಕೆ ಸರಿಯೇ. ಕೆ.ಜಿ.ಗೆ ಕೆ.ಜಿ. ಹೋಲಿಸಿದರೆ ಈ ಗೊಂದಲವೇ ಇರುವುದಿಲ್ಲ.

ಕೊರತೆ ಇಪ್ಪತ್ತು ಮೂವತ್ತು ಲೀಟರ್ ಇದ್ದರೆ? ಬಿಸಿ ಅಷ್ಟು ತಿನ್ನುವುದಿಲ್ಲ. ಆಗ ಹೀಗೆ ನೋಡುತ್ತಾ ಹೋಗಿ.

ಸಂಜೆ ಓದುವಾಗ ನೊರೆ ಇತ್ತಾ? ಹೊಸದಾಗಿ ಸುರಿದ ಹಾಲಿನ ಮೇಲಿನ ನೊರೆ ಡಿಪ್ ಸ್ಟಿಕ್‌ಗೆ ಮೆತ್ತಿಕೊಂಡು ಗೆರೆಯನ್ನು ಮೇಲಕ್ಕೆ ತೋರಿಸುತ್ತದೆ. ಕಲಕುವ ರೆಕ್ಕೆ ತಿರುಗುತ್ತಿತ್ತಾ? ಅದನ್ನು ನಿಲ್ಲಿಸಿ, ಹಾಲು ಅಲುಗಾಡದೆ ನಿಂತ ಮೇಲೆ ಓದಬೇಕು. ಕೋಲು ಒಣಗಿತ್ತಾ? ಒದ್ದೆ ಕೋಲಿನಲ್ಲಿ ಗೆರೆ ಕಾಣುವುದಿಲ್ಲ. ಒರೆಸಿ, ಒಣಗಿಸಿ, ನೇರವಾಗಿ ಇಳಿಸಿ, ಎರಡು ಸಲ ಒಂದೇ ಅಂಕಿ ಬಂದರೆ ಬರೆದುಕೊಳ್ಳಿ.

ಕೋಲಿನ ಮೇಲಿನ ನಂಬರು, ಚಾರ್ಟಿನ (ಕೋಲಿನ ಗೆರೆಯನ್ನು ಲೀಟರಿಗೆ ತಿರುಗಿಸುವ ಪಟ್ಟಿ) ಮೇಲಿನ ನಂಬರು, ಟ್ಯಾಂಕಿನ ನಂಬರು ಮೂರೂ ಒಂದೇನಾ ನೋಡಿ. ರಿಪೇರಿಗೆ ಹೋಗಿ ಬಂದಾಗ ಕೋಲು ಅದಲುಬದಲಾಗುವುದು ಉಂಟು. ಒಂದು ಸಂಘದಲ್ಲಿ ತಿಂಗಳುಗಟ್ಟಲೆ ನಡೆದ ಜಗಳ ಕೊನೆಗೆ ನಿಂತದ್ದು ಹೀಗೆ. ಪಕ್ಕದ ಊರಿನ ಕೂಲರಿನ ಕೋಲು ಇವರ ಟ್ಯಾಂಕಿನಲ್ಲಿತ್ತು. ನೋಡಲು ಎರಡೂ ಒಂದೇ ಥರ, ಕೆತ್ತಿದ ಕೊನೆಯ ಅಂಕಿ ಮಾತ್ರ ಬೇರೆ. ಅದೂ ಹಾಲಿನ ಕಲ್ಲು (ಒಣಗಿದ ಹಾಲಿನ ಗಟ್ಟಿ ಪದರ) ಕಟ್ಟಿ ಮುಚ್ಚಿಹೋಗಿತ್ತು. ಉಗುರಿನಿಂದ ಕೆರೆದ ಮೇಲೆ ಕಂಡಿತು.

ಇದೂ ಸರಿಯಿದ್ದರೆ ಟ್ಯಾಂಕಿನ ಮೇಲೆ ಗಾರೆ ಮೇಸ್ತ್ರಿಗಳ ರಸಮಟ್ಟ ಇಟ್ಟು ನೋಡಿ. ಕಾಲು ಕುಸಿದು ವಾಲಿದ ಟ್ಯಾಂಕಿನಲ್ಲಿ ಚಾರ್ಟು ಪೂರ್ತಿ ಸುಳ್ಳಾಗುತ್ತದೆ. ಕೊನೆಯದು, ಮತ್ತು ಕಷ್ಟದ್ದು: ಮುದ್ರೆ ಬಿದ್ದ 20 ಲೀಟರ್ ಮಾಪಿನಲ್ಲಿ ನೀರು ಹೊಯ್ದು ಟ್ಯಾಂಕನ್ನು ಮತ್ತೆ ಅಳೆಯುವುದು. ಹಾಗೆ 27 ಡಿಗ್ರಿಯಲ್ಲಿ ಅಳೆದ ಸ್ಟೀಲ್ ಟ್ಯಾಂಕು 4 ಡಿಗ್ರಿಯಲ್ಲಿ ಎಷ್ಟು ಕುಗ್ಗುತ್ತದೆ ಅಂತ ಕೆಲವರು ಕೇಳುತ್ತಾರೆ. 1000 ಲೀಟರಿಗೆ ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿ. ಹಾಲಿನ ಎಂಟು ಲೀಟರಿನ ಮುಂದೆ ಅದು ಸಣ್ಣದು, ಆದರೂ ಬರೆದಿಟ್ಟುಕೊಳ್ಳಿ.

ಒಂದು ವಿಷಯ ಗಟ್ಟಿಯಾಗಿ ಹೇಳುತ್ತೇನೆ. ಟ್ಯಾಂಕಿನೊಳಗೆ ಇಳಿಯಬೇಡಿ. ಖಾಲಿ ಕಂಡರೂ ಒಳಗೆ ಉಸಿರಾಡುವ ಗಾಳಿ ಇರುವ ಖಾತರಿ ಇಲ್ಲ, ತೊಳೆಯುವ ರಾಸಾಯನಿಕದ ಆವಿ ಇರಬಹುದು. ಒಬ್ಬರು ಬಿದ್ದರೆ ಎತ್ತಲು ಹೋದವರೂ ಬೀಳುತ್ತಾರೆ. ಕಲಕುವ ಮೋಟರಿನ ಕರೆಂಟು ಮೇನ್‌ನಲ್ಲೇ ತೆಗೆಯದೆ ಕೈಯನ್ನೂ ಒಳಗೆ ಹಾಕಬೇಡಿ. ದೊಡ್ಡ ಶೀತಲ ಕೇಂದ್ರಗಳಲ್ಲಿ ಅಮೋನಿಯ ವಾಸನೆ ಬಂದರೆ ಅಳತೆ ಅಲ್ಲಿಗೇ ಬಿಟ್ಟು ಗಾಳಿಗೆ ಅಡ್ಡಲಾಗಿ ದೂರ ಹೋಗಿ.

ಲಕ್ಷಣ: ಬಂಕಿನ ಐದು ಲೀಟರ್ ಕ್ಯಾನು ಹೊತ್ತಿಗೊಂದು ಲೆಕ್ಕ ಹೇಳುತ್ತಿದೆ

ಗ್ರಾಹಕರು ಕೇಳಿದರೆ ಐದು ಲೀಟರ್ ಕ್ಯಾನಿನಲ್ಲಿ ಹಿಡಿದು ತೋರಿಸಬೇಕು. ಅಲ್ಲಿ 25 ಮಿಲಿಲೀಟರ್ ಆಚೀಚೆ ರಿಯಾಯಿತಿ ಇದೆ. ಬಿಸಿಲಿನಲ್ಲಿ ಬಿಟ್ಟ ಕ್ಯಾನು ಈ ರಿಯಾಯಿತಿಯ ದೊಡ್ಡ ಪಾಲನ್ನು ನುಂಗಬಲ್ಲದು. ಹೇಗೆ ಅಂತ ನೋಡಿ.

ಏಪ್ರಿಲ್ ಮಧ್ಯಾಹ್ನ ಬೆಂಗಳೂರು–ಮೈಸೂರು ರಸ್ತೆ ಬದಿಯ ಬಂಕಿನಲ್ಲಿ ಸ್ಟೀಲ್ ಕ್ಯಾನು 45 ಡಿಗ್ರಿಗೆ ಕಾದಿದೆ ಅನ್ನಿ. ನೆಲದೊಳಗಿನ ಟ್ಯಾಂಕಿನಿಂದ ಬರುವ ಪೆಟ್ರೋಲ್ 28 ಡಿಗ್ರಿ. ಮೂರು ಕೆ.ಜಿ. ತೂಕದ ಕ್ಯಾನು ತನ್ನ ಬಿಸಿಯನ್ನು ಐದು ಲೀಟರ್ ಪೆಟ್ರೋಲಿಗೆ ಕೊಟ್ಟು ಅದನ್ನು ಎರಡೂವರೆ ಡಿಗ್ರಿಯಷ್ಟು ಏರಿಸುತ್ತದೆ. ಲೀಟರಿಗೆ ಡಿಗ್ರಿಗೆ 1.2 ಮಿಲಿಲೀಟರ್ ಲೆಕ್ಕದಲ್ಲಿ ಅದು 15 ಮಿಲಿಲೀಟರ್ ಹಿಗ್ಗುತ್ತದೆ. ಒಂದಿಷ್ಟು ಆವಿಯಾಗಿ ಹೋಗುವುದೂ ಇದೆ, ಆದರೆ ದಿಕ್ಕು ಗಮನಿಸಿ: ಕಾದ ಕ್ಯಾನು ಅಳತೆಯನ್ನು ಜಾಸ್ತಿ ತೋರಿಸುತ್ತದೆ. ನಿಜವಾಗಿ 35 ಮಿಲಿಲೀಟರ್ ಕಡಿಮೆ ಕೊಡುವ ಮಿಷನ್ ಅಂಥ ಕ್ಯಾನಿನಲ್ಲಿ 20 ಮಾತ್ರ ಕಡಿಮೆ ಅಂತ ಪಾಸಾಗಿಬಿಡಬಹುದು.

ಹಾಗಾಗಿ ಕ್ಯಾನು ನೆರಳಿನಲ್ಲಿರಲಿ. ಮೊದಲು ಒಮ್ಮೆ ಪೆಟ್ರೋಲ್ ತುಂಬಿ ಖಾಲಿ ಮಾಡಿ, ಕ್ಯಾನಿನ ಮೇಲೆ ಹೇಳಿದಷ್ಟು ಹೊತ್ತು ಬಸಿಯಲು ಬಿಡಿ. ಇದರಿಂದ ಕ್ಯಾನಿನ ಗೋಡೆ ಒದ್ದೆಯಾಗುತ್ತದೆ, ಬಿಸಿಯೂ ಇಳಿಯುತ್ತದೆ. ಎರಡನೇ ಸಲ ಹಿಡಿದದ್ದನ್ನು ಕೂಡಲೇ ಓದಿ. ಮೂರು ಸಲವೂ ಒಂದೇ ಕಡೆ 25 ಮಿಲಿಲೀಟರ್ ಮೀರಿದರೆ ಬಿಸಿಯ ಮಾತು ಮುಗಿಯಿತು, ಮಿಷನ್ ನೋಡಬೇಕು.

ಬೆಳಗಿನ ಜಾವ ಪೆಟ್ರೋಲ್ ಹಾಕಿಸಿದರೆ ಜಾಸ್ತಿ ಸಿಗುತ್ತದೆ ಅನ್ನುವುದನ್ನು ನೀವೂ ಕೇಳಿರುತ್ತೀರಿ. ನೆಲದೊಳಗಿನ ಟ್ಯಾಂಕಿನ ಬಿಸಿ ಬೆಳಗ್ಗೆಗೂ ಮಧ್ಯಾಹ್ನಕ್ಕೂ ಹೆಚ್ಚು ಬದಲಾಗುವುದಿಲ್ಲ. ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಬಂಕಿನಲ್ಲಿ ಸಾಂದ್ರತೆ ನೋಡುವಾಗಲೂ ಇದೇ ಬಿಸಿ ಕಾಡುತ್ತದೆ. ಹೈಡ್ರೋಮೀಟರ್ (ದ್ರವದಲ್ಲಿ ತೇಲಿ ಸಾಂದ್ರತೆ ತೋರಿಸುವ ಗಾಜಿನ ಕೊಳವೆ) ಓದಿದ್ದನ್ನು ಹಾಗೇ ಹೋಲಿಸಬಾರದು. ಜಾರಿನೊಳಗಿನ ಬಿಸಿ ನೋಡಿ, ಪಟ್ಟಿಯಿಂದ 15 ಡಿಗ್ರಿಗೆ ಪರಿವರ್ತಿಸಿ, ರಿಜಿಸ್ಟರಿನ ಅಂಕಿಗೆ ಹೋಲಿಸಬೇಕು. ವ್ಯತ್ಯಾಸ ಘನ ಮೀಟರಿಗೆ 3 ಕೆ.ಜಿ. ಒಳಗಿದ್ದರೆ ಸರಿ.

ಇಂಧನದ ಅಳತೆಯನ್ನು ಬಂಕಿನ ಸಿಬ್ಬಂದಿಯೇ ಮಾಡಲಿ, ನೀವು ನಿಂತು ನೋಡಿ. ಕ್ಯಾನು ನೆಲದ ಮೇಲೇ ಇರಬೇಕು, ನಳಿಕೆ ಕ್ಯಾನಿನ ಬಾಯಿಗೆ ತಾಗಿರಬೇಕು. ಪ್ಲಾಸ್ಟಿಕ್ ಬಕೆಟ್ಟು, ಬಾಟಲಿಯಲ್ಲಿ ಅಳೆದು ನೋಡುವ ಕೆಲಸ ಬೇಡ, ಸ್ಥಾಯೀ ವಿದ್ಯುತ್ತಿನ ಒಂದು ಕಿಡಿ ಸಾಕು. ಮನೆಗೆ ತಂದು ಪರೀಕ್ಷೆ ಮಾಡುವುದಂತೂ ಬೇಡವೇ ಬೇಡ.

ಲಕ್ಷಣ: ತಿದ್ದುಪಡಿ ಮಾಡಿದ ಮೇಲೆ ತಪ್ಪು ಇನ್ನೂ ದೊಡ್ಡದಾಯಿತು

ಇದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಒಂದೋ ಕೂಡುವ ಕಡೆ ಕಳೆದಿದ್ದೀರಿ, ಇಲ್ಲ ಮೂಲ ಬಿಸಿ ಯಾವುದು ಅಂತ ನೋಡಿಲ್ಲ.

ಪಾತ್ರೆಯ ಮೇಲೆ 20 ಡಿಗ್ರಿ ಅಂತಲೋ 27 ಡಿಗ್ರಿ ಅಂತಲೋ ಬರೆದಿರುತ್ತದೆ. ಆ ಬಿಸಿಯಲ್ಲಿ ಮಾತ್ರ ಗೆರೆಯ ಅಳತೆ ಪೂರ್ತಿ ನಿಜ. ಹೊರದೇಶದ ಗಾಜಿಗೆ 20, ಭಾರತೀಯ ಮಾನಕದ ಗಾಜಿಗೆ 27. ಒಂದೇ ಬೀರುವಿನಲ್ಲಿ ಎರಡೂ ಇರುತ್ತವೆ. 20 ಡಿಗ್ರಿಯ ಒಂದು ಲೀಟರ್ ಬೊರೋಸಿಲಿಕೇಟ್ ಫ್ಲಾಸ್ಕನ್ನು 27ರಲ್ಲಿ ಬಳಸಿದರೆ ಗಾಜಿನಿಂದ ಬರುವ ವ್ಯತ್ಯಾಸ ಬರೀ 0.07 ಮಿಲಿಲೀಟರ್. ಸಾದಾ ಗಾಜಾದರೆ 0.19. ಆದರೆ 20 ಡಿಗ್ರಿಯಲ್ಲಿ ಗೆರೆಗೆ ತುಂಬಿಸಿದ ದ್ರಾವಣ 27ಕ್ಕೆ ಬಂದರೆ 1.7 ಮಿಲಿಲೀಟರ್ ಉಬ್ಬುತ್ತದೆ. ಎಸಿ ಕೋಣೆಯಲ್ಲಿ ದ್ರಾವಣ ಮಾಡಿ ಬಿಸಿ ಕೋಣೆಯಲ್ಲಿ ಟೈಟ್ರೇಶನ್ (ದ್ರಾವಣವನ್ನು ಹನಿಹನಿಯಾಗಿ ಅಳೆದು ಹಾಕುವ ಪರೀಕ್ಷೆ) ಮಾಡುವ ಲ್ಯಾಬುಗಳು ಇದನ್ನು ನೆನಪಿಡಬೇಕು.

ದೊಡ್ಡ ಪಾತ್ರೆಯ ಒಂದು ಲೆಕ್ಕ ಪೂರ್ತಿ ಮಾಡಿ ನೋಡೋಣ. 20 ಲೀಟರ್ ಸ್ಟೇನ್‌ಲೆಸ್ ಸ್ಟೀಲ್ ಮಾಪು, ಮೂಲ ಬಿಸಿ 27, ಇವತ್ತು ನೀರೂ ಪಾತ್ರೆಯೂ 33. ಪಾತ್ರೆ ಆರು ಡಿಗ್ರಿ ಜಾಸ್ತಿ ಕಾದಿದೆ, ಹಾಗಾಗಿ 20 ಗುಣಿಸು 6 ಗುಣಿಸು 0.05, ಅಂದರೆ 6 ಮಿಲಿಲೀಟರ್ ಜಾಸ್ತಿ ಹಿಡಿಯುತ್ತದೆ: 20006 ಮಿಲಿಲೀಟರ್. ಮೇಲಿನ ಪಟ್ಟಿಯ ಪ್ರಕಾರ 33 ಡಿಗ್ರಿಯಲ್ಲಿ ಲೀಟರಿಗೆ 993.8 ಗ್ರಾಂ. ಆದ್ದರಿಂದ ಮಾಪು ಸರಿಯಿದ್ದರೆ ನೀರು ಸುಮಾರು 19.882 ಕೆ.ಜಿ. ತೂಗಬೇಕು. 6 ಮಿಲಿಲೀಟರನ್ನು ಕೂಡುವ ಬದಲು ಕಳೆದರೆ ಎರಡು ಉತ್ತರಗಳ ನಡುವೆ 12 ಮಿಲಿಲೀಟರ್ ಅಂತರ ಬೀಳುತ್ತದೆ. ಕಾದ ಪಾತ್ರೆ ಜಾಸ್ತಿ ಹಿಡಿಯುತ್ತದೆ ಅನ್ನುವ ಒಂದು ವಾಕ್ಯ ಹಾಳೆಯ ಮೇಲೆ ಬರೆದುಕೊಂಡರೆ ಕೂಡು ಕಳೆ ತಪ್ಪುವುದಿಲ್ಲ.

ಮೀಟರನ್ನು ಮಾಪಿನಿಂದ ಪರೀಕ್ಷಿಸುವಾಗ ಇನ್ನೊಂದು ಬಿಸಿ ಸೇರಿಕೊಳ್ಳುತ್ತದೆ. ಮೀಟರಿನಲ್ಲಿ ಹಾದುಹೋಗುವಾಗ ಎಷ್ಟಿತ್ತು, ಮಾಪಿಗೆ ಬಂದಾಗ ಎಷ್ಟಾಯಿತು? 20 ಲೀಟರ್ ಡೀಸೆಲ್ ದಾರಿಯಲ್ಲಿ ಎರಡು ಡಿಗ್ರಿ ತಣ್ಣಗಾದರೆ ಮಾಪಿನಲ್ಲಿ 33 ಮಿಲಿಲೀಟರ್ ಕಡಿಮೆ ಕಾಣುತ್ತದೆ. ಮೀಟರ್ ಸರಿಯಾಗಿಯೇ ಎಣಿಸಿರುತ್ತದೆ. ಎರಡೂ ಕಡೆ ಬಿಸಿ ಬರೆದುಕೊಳ್ಳದೆ ಮೀಟರಿನ ಸ್ಕ್ರೂ ತಿರುಗಿಸಿದರೆ ಸರಿಯಿದ್ದದ್ದನ್ನು ಕೆಡಿಸಿದ ಹಾಗೆ.

ಇನ್ನು ಕೆಲವು ಡಿಜಿಟಲ್ ಮೀಟರುಗಳು ಬಿಸಿಯ ತಿದ್ದುಪಡಿಯನ್ನು ತಾವೇ ಮಾಡಿಕೊಳ್ಳುತ್ತವೆ. ಅದರ ಮೇಲೆ ನೀವೂ ಮಾಡಿದರೆ ಎರಡು ಸಲ ಆಯಿತು. ಸೆಟ್ಟಿಂಗ್ ನೋಡಿ.

ಲಕ್ಷಣ: ಮೈಕ್ರೋಪಿಪೆಟ್ ಬೆಳಗ್ಗೆ ಒಂದು, ಸಂಜೆ ಒಂದು

ಹನಿಗಳಷ್ಟು ದ್ರವವನ್ನು ಎಳೆದು ಅಳೆಯುವ ಈ ಲ್ಯಾಬ್ ಸಾಧನವನ್ನು ಗಂಟೆಗಟ್ಟಲೆ ಕೈಯಲ್ಲಿ ಹಿಡಿದರೆ ಒಳಗಿನ ಗಾಳಿ ಬೆಚ್ಚಗಾಗುತ್ತದೆ. ನಡುನಡುವೆ ಸ್ಟ್ಯಾಂಡಿಗೆ ಹಾಕಿ. ಫ್ರಿಜ್ಜಿನ ದ್ರವ ಎಳೆದರೆ ಅಳತೆ ಜಾಸ್ತಿ ಬರುತ್ತದೆ, ಬಿಸಿ ದ್ರವ ಎಳೆದರೆ ಕಡಿಮೆ. ಕೋಣೆಯ ಬಿಸಿಯಲ್ಲೇ ಇರುವ ದ್ರವವಾದರೆ ಟಿಪ್ಪನ್ನು ಎರಡು ಮೂರು ಸಲ ಅದೇ ದ್ರವದಲ್ಲಿ ತೋಯಿಸಿ ಆಮೇಲೆ ಅಳೆಯಿರಿ. ಪ್ಲಾಸ್ಟಿಕ್ ಜಾರುಗಳ ಬಗ್ಗೆ ಇಷ್ಟೇ: ಬಿಸಿನೀರಿನಲ್ಲಿ ತೊಳೆದು ಆಕಾರ ಕೆಟ್ಟದ್ದಕ್ಕೆ ಯಾವ ತಿದ್ದುಪಡಿಯೂ ಇಲ್ಲ, ಎತ್ತಿಡಿ.

ಎಲ್ಲಿ ನಿಲ್ಲಿಸಬೇಕು

ಸೀಸದ ಸೀಲು ಕಂಡ ಕಡೆ ನಿಮ್ಮ ಕೆಲಸ ಮುಗಿಯಿತು. ವ್ಯಾಪಾರಕ್ಕೆ ಬಳಸುವ ಮಾಪು, ಮೀಟರು, ತಕ್ಕಡಿ ಎಲ್ಲವೂ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಕೆಳಗೆ ಬರುತ್ತವೆ. ಸೀಲು ಬಿಚ್ಚಿ ಸರಿಮಾಡುವುದು ಲೈಸೆನ್ಸ್ ಇರುವ ರಿಪೇರಿಯವರ ಕೆಲಸ, ಮತ್ತೆ ಮುದ್ರೆ ಹಾಕುವುದು ಇಲಾಖೆಯ ಇನ್‌ಸ್ಪೆಕ್ಟರ ಕೆಲಸ. ಒಳ್ಳೆಯ ಉದ್ದೇಶದಿಂದಲೇ ಸೀಲು ಮುಟ್ಟಿದರೂ ಅಪರಾಧವೇ. ಸೀಲು ಮೊದಲೇ ತುಂಡಾಗಿದ್ದರೆ ಫೋಟೋ ತೆಗೆದು ಇಲಾಖೆಗೆ ತಿಳಿಸಿ.

ಮಾಪಿನ ಮೈ ತಗ್ಗಾಗಿದ್ದರೆ, ತಳ ಉಬ್ಬಿದ್ದರೆ, ಬೆಸುಗೆಯಲ್ಲಿ ಜಿನುಗುತ್ತಿದ್ದರೆ ಲೆಕ್ಕ ಹಾಕುತ್ತಾ ಕೂರಬೇಡಿ, ಬದಲಿಸಿ. ಲ್ಯಾಬಿನ ಗಾಜಿಗೆ ಸರ್ಟಿಫಿಕೇಟ್ ಬೇಕಾದರೆ ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಕ್ಯಾಲಿಬ್ರೇಶನ್ ಲ್ಯಾಬಿಗೆ ಕೊಡಿ. ಬೆಂಗಳೂರಿನಲ್ಲಿ ಕೇಂದ್ರ ಸರ್ಕಾರದ ರೀಜನಲ್ ರೆಫರೆನ್ಸ್ ಸ್ಟ್ಯಾಂಡರ್ಡ್ ಲ್ಯಾಬೊರೇಟರಿಯೂ ಇದೆ.

ಯಾರ ಹತ್ತಿರ ಹೋದರೂ ಬರಿಗೈಯಲ್ಲಿ ಹೋಗಬೇಡಿ. ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ದಿನಾಂಕ ಮತ್ತು ಗಂಟೆ, ಪಾತ್ರೆಯ ನಂಬರು ಮತ್ತು ಅದರ ಮೇಲಿನ ಮೂಲ ಬಿಸಿ, ದ್ರವದ ಬಿಸಿ, ಪಾತ್ರೆಯ ಬಿಸಿ, ಥರ್ಮಾಮೀಟರ್ ಐಸಿನಲ್ಲಿ ತೋರಿಸಿದ ಅಂಕಿ, ಮೂರು ಸಲದ ಓದು. ತಿದ್ದುಪಡಿ ಮಾಡಿದ ಅಂಕಿಯ ಜೊತೆ ತಿದ್ದುವ ಮೊದಲಿನ ಅಂಕಿಯೂ ಇರಲಿ. ಅದನ್ನು ಅಳಿಸಿಬಿಟ್ಟರೆ ನಿಮ್ಮ ಲೆಕ್ಕ ಸರಿಯಿತ್ತಾ ಅಂತ ಪರೀಕ್ಷಿಸಲು ಅವರಿಗೂ ದಾರಿ ಇರುವುದಿಲ್ಲ.